ಫೋನಕ್ಕನ ಸಹಿ

ನಮ್ಮ ನೀರಿನ ಕಚೇರಿಗೆ ಮೂರು ಮಹಡಿ. ಮೂರನೆಯದರಲ್ಲಿ ದೊಡ್ಡ ಸಾಹೇಬರು, ಎರಡನೆಯದರಲ್ಲಿ ಅವರ ಕಡತಗಳು, ಮೊದಲನೆಯದರಲ್ಲಿ ಆ ಕಡತಗಳನ್ನು ಹೊತ್ತು ಓಡಾಡುವವರು. ಫೋನಕ್ಕ ಕೂರುತ್ತಿದ್ದದ್ದು ಮೆಟ್ಟಿಲಿನ ಕೆಳಗೆ. ಪೊರಕೆ, ಫಿನಾಯಿಲು, ಮುರಿದ ಕುರ್ಚಿ ಇಡಲಿಕ್ಕೆಂದು ಕಟ್ಟಿಸಿದ ಗೂಡು ಅದು. ಆಮೇಲೆ ಪೊರಕೆಗೆ ಬೇರೆ ಒಳ್ಳೆಯ ಕೋಣೆ ಸಿಕ್ಕಿತು. ಖಾಲಿಯಾದ ಗೂಡಿಗೆ ಫೋನಕ್ಕನನ್ನು ತಂದು ಕೂರಿಸಿದರು.

ಸೂರು ಇಳಿಜಾರು. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಸುಣ್ಣದ ಪುಡಿ ತಲೆಯ ಮೇಲೆ ಉದುರುತ್ತಿತ್ತು. ಹೆಜ್ಜೆಯ ಸದ್ದು ಕೇಳಿ ಹತ್ತಿದವರು ಯಾರು, ಅವರಿಗೆ ಇವತ್ತು ಮೇಲಿನಿಂದ ಬೈಗುಳ ಕಾದಿದೆಯೋ ಇಲ್ಲವೋ ಅಂತ ಅಕ್ಕ ಹೇಳುತ್ತಿದ್ದರು. ಹನ್ನೊಂದನೇ ವಯಸ್ಸಿನಲ್ಲಿ ಜ್ವರ ಬಂದು ಅವರ ಕಣ್ಣು ಹೋಗಿತ್ತು. ಕಿವಿ ಮಾತ್ರ ಇಬ್ಬರಿಗೆ ಸಾಲುವಷ್ಟಿತ್ತು. ಒಂದು ಮೇಜು, ಎರಡು ಫೋನು, ಬೆನ್ನಿಗೆ ಗುದ್ದಿದರೆ ಮಾತ್ರ ತಿರುಗುವ ಒಂದು ಫ್ಯಾನು, ಬೀದಿಯ ಕಡೆಗೆ ಕೈ ತೂರುವಷ್ಟು ಕಿಟಕಿ. ಹತ್ತೊಂಬತ್ತು ವರ್ಷದಿಂದ ಅಕ್ಕ ಅಲ್ಲಿ ತಾತ್ಕಾಲಿಕ ನೌಕರರು. ಹನ್ನೊಂದು ತಿಂಗಳಿಗೊಮ್ಮೆ ಒಂದು ದಿನ ಕೆಲಸದಿಂದ ತೆಗೆಯುತ್ತಿದ್ದರು, ಮಾರನೇ ದಿನ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ಕಾಯಂ ಮಾಡಬೇಕಾಗಿಲ್ಲವಂತೆ. ಆ ಒಂದು ದಿನ ಊರಿನಲ್ಲಿ ಯಾರಿಗೂ ನೀರಿನ ಸುದ್ದಿ ಸಿಗುತ್ತಿರಲಿಲ್ಲ.

ನಾನು ನೀರು ಬಿಡುವವನು. ಎದೆಯೆತ್ತರದ ಕಬ್ಬಿಣದ ಕೀ ಹಿಡಿದು ನಲವತ್ತಾರು ಬೀದಿ ಸುತ್ತುತ್ತೇನೆ. ಗುಂಡಿಯೊಳಗೆ ಕೀ ಇಳಿಸಿ ವಾಲ್ವು ತಿರುಗಿಸಿದರೆ ಒಂದು ಬೀದಿಗೆ ನೀರು, ಪಕ್ಕದ ಬೀದಿಯಿಂದ ಬೈಗುಳ. ಮೂರು ದಿನಕ್ಕೊಮ್ಮೆ ಒಂದು ಗಂಟೆ ಬರುವ ನೀರು. ಉಳಿದದ್ದನ್ನೆಲ್ಲ ನಾನೇ ಕುಡಿದು ಖಾಲಿ ಮಾಡಿದೆನೇನೋ ಅನ್ನುವ ಹಾಗೆ ಜನ ನನ್ನನ್ನು ನೋಡುತ್ತಾರೆ. ನೀರು ಬಂದ ದಿನ ನನ್ನನ್ನು ನೀರಣ್ಣ ಅನ್ನುತ್ತಾರೆ, ಬರದ ದಿನ ಬೇರೆ ಏನೇನೋ ಅನ್ನುತ್ತಾರೆ.

ಎಲ್ಲಿಗೆ ಬಿಟ್ಟೆ, ಎಲ್ಲಿ ಪೈಪು ಒಡೆದಿದೆ ಅಂತ ಫೋನಕ್ಕನಿಗೆ ಹೇಳುವುದು ನನ್ನ ಕೆಲಸ. ಊರಿಗೆ ಹೇಳುವುದು ಅವರ ಕೆಲಸ. ದಿನಕ್ಕೆ ನೂರೈವತ್ತು ಸಲ ಫೋನು ಬಡಿದುಕೊಳ್ಳುತ್ತಿತ್ತು. ಯಾರೂ ಹೆಸರು ಹೇಳಬೇಕಾಗಿರಲಿಲ್ಲ. ಆ ಕಡೆಯಿಂದ ಕೆಮ್ಮು ಕೇಳಿದರೆ ಸಾಕು, ಅಕ್ಕ, "ಅಮ್ಮಾ, ನಿಮ್ಮ ಬೀದಿಗೆ ಹನ್ನೊಂದಕ್ಕೆ ಬಿಡ್ತಾರೆ, ಅಷ್ಟರಲ್ಲಿ ಔಷಧಿ ತಗೊಂಡು ಕೂತಿರಿ" ಅನ್ನುತ್ತಿದ್ದರು. ನಡುಗುವ ಕೈಯವರು, ಓದು ಬಾರದವರು, ಮಗು ಎತ್ತಿಕೊಂಡವರು, ಎಲ್ಲರೂ ಆ ಗೂಡಿಗೇ ಫೋನು ಮಾಡುತ್ತಿದ್ದರು.

ಫೋನು ಮಾಡಲಾಗದವನು ಒಬ್ಬನಿದ್ದ. ಹಿಂದಿನ ಗಲ್ಲಿಯ ದರ್ಜಿ. ಅವನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಅವನು ಕಿಟಕಿಗೆ ಬಂದು ಎರಡು ಸಲ ತಟ್ಟುತ್ತಿದ್ದ. ಅಕ್ಕ ಅಂಗೈ ಚಾಚುತ್ತಿದ್ದರು. ಅವನು ಬೆರಳಿನಿಂದ ಅಂಗೈಯಲ್ಲಿ ಅಕ್ಷರ ಬರೆಯುತ್ತಿದ್ದ. ಅಕ್ಕ ಅಕ್ಷರ ಕಲಿತ ಮೇಲೆ ಕಣ್ಣು ಕಳೆದುಕೊಂಡವರು, ಮರೆತಿರಲಿಲ್ಲ. ಅವರೂ ಅವನ ಅಂಗೈಯಲ್ಲಿ ಉತ್ತರ ಬರೆಯುತ್ತಿದ್ದರು. ನೀರಿನ ವಿಷಯ ಮುಗಿದರೂ ಇಬ್ಬರೂ ಇನ್ನೂ ಏನೋ ಬರೆದುಕೊಂಡು ನಗುತ್ತಿರುತ್ತಿದ್ದರು. ನನ್ನ ವಿಷಯವೇ ಇರಬೇಕು ಅಂತ ನನಗೆ ಅನುಮಾನ.

ತಿಂಗಳು ಮುಗಿಯಲು ಹತ್ತು ದಿನವಿದ್ದಾಗ ಗೂಡಿನ ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದರು. ಕಣ್ಣು ಕಾಣದವರ ಬಾಗಿಲಿಗೆ ಕಾಗದ ಅಂಟಿಸಿ, ಸದರಿ ನೌಕರರಿಗೆ ತಿಳಿಸಲಾಗಿದೆ ಅಂತ ಕಡತದಲ್ಲಿ ಬರೆದುಕೊಂಡರು. ಎರಡು ದಿನ ಅದು ಅಲ್ಲೇ ಇತ್ತು. ಮೂರನೇ ದಿನ ನನ್ನ ಕಣ್ಣಿಗೆ ಬಿತ್ತು.

"ಅಕ್ಕ, ಬಾಗಿಲ ಮೇಲೆ ಏನೋ ಹಾಕಿದಾರೆ."

"ಮೊನ್ನೆಯಿಂದ ಗೋಂದಿನ ವಾಸನೆ ಬರ್ತಿದೆ. ಓದು ತಮ್ಮ."

ಓದಿದೆ. "ಸಾರ್ವಜನಿಕರ ಅನುಕೂಲಕ್ಕಾಗಿ ಒಂದನೇ ತಾರೀಖಿನಿಂದ ದೂರವಾಣಿ ಸೇವೆಯನ್ನು ನಿಲ್ಲಿಸಲಾಗುವುದು. ದೂರು, ಟ್ಯಾಂಕರ್ ಬೇಡಿಕೆ ಮುಂತಾದವನ್ನು ವೆಬ್‌ಸೈಟಿನಲ್ಲಿಯೇ ಸಲ್ಲಿಸತಕ್ಕದ್ದು."

"ಅನುಕೂಲಕ್ಕೆ ನಿಲ್ಲಿಸ್ತಾರಂತಾ?"

"ಹಾಗಂತಲೇ ಬರೆದಿದೆ."

"ಹಾಗಾದ್ರೆ ಹತ್ತೊಂಬತ್ತು ವರ್ಷ ನಾನು ಜನಕ್ಕೆ ಅನಾನುಕೂಲ ಮಾಡ್ಕೊಂಡು ಬಂದೆ ಅನ್ನು," ಅಂದರು ಅಕ್ಕ. ನಕ್ಕರು. ಆಮೇಲೆ ಫೋನು ಬಡಿದುಕೊಂಡಿತು, ಎತ್ತಿದರು.

ಮಾರನೇ ದಿನ ದೊಡ್ಡ ಸಾಹೇಬರೇ ಗೂಡಿಗೆ ಬಂದರು. ಅವರು ಈ ಕಚೇರಿಗೆ ಬಂದ ನಾಲ್ಕು ವರ್ಷದಲ್ಲಿ ಮೊದಲ ಸಲ. ಅವರ ಹಿಂದೆ ಆಮಂತ್ರಣದ ಗುಮಾಸ್ತರು. ಕಚೇರಿಯ ಸಮಾರಂಭಗಳ ಕರೆಯೋಲೆ ಬರೆಯುವುದು ಇವರ ಕೆಲಸ. ಯಾರ ಹೆಸರಿನ ಮುಂದೆ ಎಷ್ಟು ವಿಶೇಷಣ ಹಾಕಬೇಕು ಅನ್ನುವುದು ಇವರೊಬ್ಬರಿಗೇ ಗೊತ್ತು. ಸಾಹೇಬರು ಬಗ್ಗದೆ ಒಳಗೆ ಕಾಲಿಟ್ಟರು, ಇಳಿಜಾರು ಸೂರು ಹಣೆಗೆ ತಾಗಿತು.

"ಕೂತ್ಕೊಳ್ಳಿ ಸರ್, ಈ ಕೋಣೆಯಲ್ಲಿ ನಿಂತವರಿಗೆಲ್ಲ ಹಾಗೇ ಆಗೋದು," ಅಂದರು ಅಕ್ಕ.

ಸಾಹೇಬರು ಹಣೆ ಉಜ್ಜಿಕೊಂಡು ಕೂತರು. ತುಂಬ ಪ್ರೀತಿಯಿಂದ ಮಾತಾಡಿದರು. ಅಷ್ಟು ಪ್ರೀತಿ ಕಂಡಾಗಲೇ ನಾನು ನನ್ನ ಕೀ ಗಟ್ಟಿಯಾಗಿ ಹಿಡಿದುಕೊಂಡೆ.

ವಿಷಯ ಇಷ್ಟು. ವೆಬ್‌ಸೈಟಿಗೆ ಹಣ ಕೊಟ್ಟ ಮೇಲಿನ ಕಚೇರಿಯವರು ಒಂದು ಷರತ್ತು ಹಾಕಿದ್ದರು. ಅದು ಎಲ್ಲರೂ ಬಳಸುವ ಹಾಗಿರಬೇಕು. ಬಳಸಿ ನೋಡಿದ್ದೇವೆ, ಸುಲಭವಾಗಿದೆ ಅಂತ ಮೂವರ ಸಹಿ ಬೇಕು. ಕಣ್ಣು ಕಾಣದವರೊಬ್ಬರು, ಕಿವಿ ಕೇಳದವರೊಬ್ಬರು, ವಯಸ್ಸಾದವರೊಬ್ಬರು. ಆ ಸಹಿ ಬಿದ್ದರೆ ಫೋನು ಬೇಕಾಗಿಲ್ಲ ಅಂತ ಅರ್ಥ. ಕಣ್ಣು ಕಾಣದವರಿಗಾಗಿ ಊರೆಲ್ಲ ಹುಡುಕಲು ಹೊರಟ ಸಾಹೇಬರಿಗೆ, ತಮ್ಮ ಮೆಟ್ಟಿಲ ಕೆಳಗೇ ಒಬ್ಬರಿದ್ದಾರೆ ಅಂತ ಯಾರೋ ನೆನಪು ಮಾಡಿದ್ದರು.

"ಒಂದು ಸಹಿ ಅಷ್ಟೇ," ಅಂದರು ಸಾಹೇಬರು. "ಒಂದನೇ ತಾರೀಖಿನಿಂದ ನಿಮ್ಮನ್ನ ಮೊದಲ ಮಹಡಿಯ ಸ್ವಾಗತದ ಮೇಜಿಗೆ ಹಾಕ್ತೀನಿ. ಕಾಯಂ ಮಾಡೋಕೂ ಬರೀತೀನಿ. ಗಾಳಿ, ಬೆಳಕು ಎಲ್ಲ ಇದೆ ಅಲ್ಲಿ."

"ಬೆಳಕಿನದು ಹೇಗೋ ನಡೆಯುತ್ತೆ ಸರ್, ಗಾಳಿ ಬೇಕಿತ್ತು," ಅಂದರು ಅಕ್ಕ. "ಸಹಿ ಹಾಕದಿದ್ರೆ?"

"ಫೋನೇ ಇಲ್ಲದ ಮೇಲೆ ಫೋನಿನವರು ಯಾಕೆ ಬೇಕು, ನೀವೇ ಹೇಳಿ."

"ಸರಿ ಸರ್. ಬಳಸಿ ಆಮೇಲೆ ಹಾಕ್ತೀನಿ."

ಸಾಹೇಬರಿಗೆ ಇದು ಹೊಳೆದಿರಲಿಲ್ಲ. ಗುಮಾಸ್ತರ ಮುಖ ನೋಡಿದರು. "ಬಳಸೋದಾ? ಬಳಸಿ, ಅದಕ್ಕೇನಂತೆ," ಅಂದರು.

ಅವತ್ತೇ ಮಧ್ಯಾಹ್ನ ಅಕ್ಕನನ್ನು ಕರೆದುಕೊಂಡು ಎರಡನೇ ಮಹಡಿಗೆ ಹೋದೆ. ಅಲ್ಲಿ ವೆಬ್‌ಸೈಟ್ ಮೇಡಂ ಇದ್ದರು. ಗುತ್ತಿಗೆ ಕಂಪನಿಯ ಹೆಣ್ಣುಮಗಳು, ಏಕಕಾಲಕ್ಕೆ ಮೂರು ಕಚೇರಿಗಳ ವೆಬ್‌ಸೈಟು ಕಟ್ಟುತ್ತಿದ್ದವರು, ನಿದ್ದೆಗೆಟ್ಟ ಕಣ್ಣು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅಂತ ಒಂದಿದೆ. ಅಕ್ಕ ತಮ್ಮ ಮೊಬೈಲಿನಲ್ಲಿ ಅದನ್ನು ದಿನಾ ಬಳಸುವವರು. ಕಂಪ್ಯೂಟರಿನಲ್ಲಿ ಅದನ್ನು ಹಾಕಿಸಿಕೊಂಡು ಗುಂಡಿ ಒತ್ತುತ್ತಾ ಹೊರಟರು.

ಕಂಪ್ಯೂಟರು ಗಂಭೀರವಾದ ದನಿಯಲ್ಲಿ ಶುರು ಮಾಡಿತು. "ಚಿತ್ರ. ಸನ್ಮಾನ್ಯರೂ ಜನಾನುರಾಗಿಗಳೂ ಆದ ನಿರ್ದೇಶಕರು ತಮ್ಮ ಅಮೃತಹಸ್ತದಿಂದ ನಲ್ಲಿಯನ್ನು ತಿರುಗಿಸುತ್ತಿರುವ ಮಂಗಳಕರ ದೃಶ್ಯ."

ಅಕ್ಕ ಮುಂದಕ್ಕೆ ಒತ್ತಿದರು.

"ಚಿತ್ರ. ಸನ್ಮಾನ್ಯರೂ ಜನಾನುರಾಗಿಗಳೂ ಆದ ನಿರ್ದೇಶಕರು ತುಂಬಿದ ಬಿಂದಿಗೆಯನ್ನು ಪ್ರಸನ್ನವದನರಾಗಿ ವೀಕ್ಷಿಸುತ್ತಿರುವ ದೃಶ್ಯ."

ನಿರ್ದೇಶಕರು ಅಂದರೆ ನಮ್ಮ ದೊಡ್ಡ ಸಾಹೇಬರೇ. ಇಂಥವು ಹದಿನಾಲ್ಕು. ಮೇಲಿನ ಕಚೇರಿಯವರು, ಪ್ರತಿ ಚಿತ್ರದ ಹಿಂದೆ ಅದರ ವಿವರವನ್ನು ಮಾತಿನಲ್ಲಿ ಬರೆಯಬೇಕು, ಕಣ್ಣು ಕಾಣದವರಿಗೆ ಅದು ಕೇಳಿಸುತ್ತದೆ ಅಂದಿದ್ದರು. ಬರೆಯುವ ಕೆಲಸ ಅಂದ ಮೇಲೆ ಇನ್ಯಾರು, ಆಮಂತ್ರಣದ ಗುಮಾಸ್ತರಿಗೇ ಹೋಗಿತ್ತು. ಅವರು ಹನ್ನೆರಡು ದಿನ ಕೂತು, ಮನಸ್ಸಿಟ್ಟು ಬರೆದಿದ್ದರು. ಈಗ ಅಕ್ಕನ ಪಕ್ಕದಲ್ಲಿ ಕೈಕಟ್ಟಿ ನಿಂತು, ಒಂದೊಂದು ಅಮೃತಹಸ್ತಕ್ಕೂ ತಲೆದೂಗುತ್ತಿದ್ದರು.

ಹದಿನಾಲ್ಕು ಮುಗಿದ ಮೇಲೆ ಟ್ಯಾಂಕರ್ ಬೇಡಿಕೆಯ ಅರ್ಜಿ ಬಂತು. "ಖಾಲಿ ಜಾಗ," ಅಂದಿತು ಕಂಪ್ಯೂಟರು. "ಖಾಲಿ ಜಾಗ. ಖಾಲಿ ಜಾಗ."

"ಯಾವುದರಲ್ಲಿ ಹೆಸರು ಬರೀಬೇಕು, ಯಾವುದರಲ್ಲಿ ಬೀದಿ?" ಅಂದರು ಅಕ್ಕ.

"ಪಕ್ಕದಲ್ಲೇ ಬರೆದಿದೆ, ಕಾಣುತ್ತಲ್ಲ," ಅಂದವರು ಗುಮಾಸ್ತರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ಮೇಡಂ ಬಗ್ಗಿ, ಯಾವುದು ಯಾವುದು ಅಂತ ಮೆಲ್ಲಗೆ ಹೇಳಿಕೊಟ್ಟರು. ಅಕ್ಕ ತುಂಬಿದರು. ಕಳುಹಿಸುವುದಷ್ಟೇ ಬಾಕಿ. ಮುಂದಕ್ಕೆ ಒತ್ತಿದರು. ಕಂಪ್ಯೂಟರು ಹೇಳಿತು: "ಚಿತ್ರ. ಕಣ್ಮನ ತಣಿಸುವ ಹಚ್ಚಹಸಿರು ವರ್ಣದ ಚೌಕ."

ಅಕ್ಕ ಹಿಂದೆ ಹೋದರು, ಮುಂದೆ ಬಂದರು. ಮತ್ತೆ ಹಸಿರು ಚೌಕ. "ಕಳಿಸೋದು ಎಲ್ಲಿ ಮೇಡಂ?"

ಮೇಡಂ ತಲೆ ತಗ್ಗಿಸಿದರು. "ಅದೇ ಅಕ್ಕ. ಆ ಚೌಕವೇ."

ಅಷ್ಟರಲ್ಲಿ ಕಂಪ್ಯೂಟರು, "ನಿಮಗೆ ನೀಡಲಾಗಿದ್ದ ಐದು ನಿಮಿಷ ಮುಗಿದಿದೆ" ಅಂದಿತು. ತುಂಬಿದ್ದೆಲ್ಲ ಹೋಯಿತು. ಕೂಡಲೇ ಸನ್ಮಾನ್ಯರೂ ಜನಾನುರಾಗಿಗಳೂ ಮೊದಲಿನಿಂದ ನಲ್ಲಿ ತಿರುಗಿಸತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗುಮಾಸ್ತರಿಗೆ ಮಾತ್ರ ನೋವಾಯಿತು.

"ನಾನು ಸುಳ್ಳೇನಾದ್ರೂ ಬರೆದಿದೀನಾ? ಅದು ಚೌಕ ತಾನೇ? ಹಸಿರು ತಾನೇ?"

"ಸುಳ್ಳಿಲ್ಲ ಗುಮಾಸ್ತರೇ. ಚೆನ್ನಾಗೂ ಇದೆ," ಅಂದರು ಅಕ್ಕ. "ಆದ್ರೆ ಕಚೇರಿ ಬಾಗಿಲಿನ ಮೇಲೆ 'ಇದು ಕಂದು ಬಣ್ಣದ ಸುಂದರ ಹಲಗೆ' ಅಂತ ಬರೆದ್ರೆ, ಒಳಗೆ ಹೋಗೋದು ಇಲ್ಲಿಂದ ಅಂತ ಜನಕ್ಕೆ ಹೇಗೆ ಗೊತ್ತಾಗ್ಬೇಕು? ಅದು ಹೇಗಿದೆ ಅಂತ ಬೇಡ. ಒತ್ತಿದ್ರೆ ಏನಾಗುತ್ತೆ ಅಂತ ಬರೀರಿ. 'ಕಳಿಸಿ' ಅನ್ನಿ, ಸಾಕು."

"ಒಂದೇ ಪದವಾ?" ಅಂದರು ಗುಮಾಸ್ತರು. ಒಂದೇ ಪದದ ಬರವಣಿಗೆಯನ್ನು ಅವರು ಜೀವಮಾನದಲ್ಲಿ ಮಾಡಿರಲಿಲ್ಲ.

ಆಮೇಲೆ ನನ್ನ ಸರದಿ. ಕೀ ಹಿಡಿದು ಹಿಡಿದು ನನ್ನ ಹೆಬ್ಬೆರಳು ಬಿರುಕು ಬಿಟ್ಟಿದೆ, ಯಾವಾಗಲೂ ಒದ್ದೆ. ಮೊಬೈಲಿನಲ್ಲಿ ಆ ವೆಬ್‌ಸೈಟಿನ ಅಕ್ಷರ ಸಾಸಿವೆಯಷ್ಟು. ಒಂದನ್ನು ಒತ್ತಿದರೆ ಪಕ್ಕದ್ದು ತೆರೆಯುತ್ತಿತ್ತು. ಹೇಗೆ ಬಳಸಬೇಕು ಅನ್ನುವುದಕ್ಕೆ ಸಾಹೇಬರು ಒಂಬತ್ತು ನಿಮಿಷ ಮಾತಾಡಿದ ವಿಡಿಯೊ ಇತ್ತು. ಅವರು ಹೇಳಿದ್ದನ್ನು ಕೆಳಗೆ ಬರೆದಿರಲಿಲ್ಲ. ದರ್ಜಿಯಂಥವನಿಗೆ ಬಾಯಿ ಆಡುವುದು ಕಾಣುತ್ತದೆ, ಅಷ್ಟೆ.

ಅಕ್ಕ ಒಂದೊಂದೇ ತಪ್ಪು ಹೇಳುತ್ತಾ ಹೋದರು, ಮೇಡಂ ಬರೆದುಕೊಂಡರು. ಹದಿನೇಳಾಯಿತು. "ಇದೆಲ್ಲ ಸರಿ ಮಾಡಕ್ಕೆ ಎಷ್ಟು ದಿನ ಬೇಕು?" ಅಂತ ಅಕ್ಕ ಕೇಳಿದರು.

"ವಾರ ಸಾಕು ಅಕ್ಕ. ನನಗೇ ಮಾಡೋ ಆಸೆ ಇದೆ. ಕೊಡಬೇಕಲ್ಲ."

ಕೊಡಲಿಲ್ಲ. ಉದ್ಘಾಟನೆಗೆ ತಾರೀಖು ನಿಗದಿಯಾಗಿತ್ತು, ಕರೆಯೋಲೆ ಅಚ್ಚಾಗಿತ್ತು. ಹದಿನೇಳರ ಪಟ್ಟಿ ನೋಡಿ ಸಾಹೇಬರು, "ಮೊದಲು ಸಹಿ, ಆಮೇಲೆ ಇದನ್ನೆಲ್ಲ ಹಂತಹಂತವಾಗಿ ನೋಡೋಣ" ಅಂದರು. ನಮ್ಮ ಕಚೇರಿಯಲ್ಲಿ ಹಂತಹಂತವಾಗಿ ಅಂದರೆ ಏನರ್ಥ ಅಂತ, ಹತ್ತೊಂಬತ್ತು ವರ್ಷ ತಾತ್ಕಾಲಿಕವಾಗಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಹಿ ಹಾಕಲು ಮೂರು ದಿನ ಕೊಟ್ಟರು.

ಅವತ್ತು ಸಂಜೆ ಅಕ್ಕನನ್ನು ಮನೆಗೆ ಬಿಡಲು ಹೋದೆ. ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಅಕ್ಕ ಮತ್ತು ಅವರ ತಂಗಿ. ತಂಗಿ ಆಸ್ಪತ್ರೆಯ ರೋಗಿಗಳಿಗೆ ತೊಡಿಸುವ ಹಸಿರು ಅಂಗಿ ಹೊಲಿಯುವವರು. ಮಂಚದ ಮೇಲೆ, ಕುರ್ಚಿಯ ಮೇಲೆ, ಒಲೆಯ ಪಕ್ಕ, ಎಲ್ಲ ಕಡೆ ಅಂಗಿಗಳ ರಾಶಿ. ನನಗೆ ಕೂರಲು ಒಂದು ಕೊಡ ಬೋರಲು ಹಾಕಿಕೊಟ್ಟರು. ಅವರ ಬೀದಿಗೆ ಅವತ್ತು ನೀರಿನ ಸರದಿ ಇರಲಿಲ್ಲ.

ತಂಗಿ ಸೂಜಿಗೆ ದಾರ ಪೋಣಿಸುತ್ತಾ ಎಲ್ಲ ಕೇಳಿದರು. ಮೂರು ಸಲ ತಪ್ಪಿತು. ಕೊನೆಗೆ ಸೂಜಿಯನ್ನು ಅಕ್ಕನ ಕೈಗೆ ಕೊಟ್ಟರು. ಅಕ್ಕ ನಾಲಿಗೆಯ ತುದಿಗೆ ಸೂಜಿ ಇಟ್ಟು ಒಂದೇ ಸಲಕ್ಕೆ ಪೋಣಿಸಿದರು.

"ನೋಡಿದೆಯಲ್ಲ, ನನ್ನ ಕಣ್ಣೂ ಮಂಜಾಗ್ತಿದೆ," ಅಂದರು ತಂಗಿ. "ಇನ್ನು ಎಷ್ಟು ವರ್ಷ ಹೊಲಿತೀನೋ. ನಿನ್ನದಾದ್ರೂ ಒಂದು ಕಾಯಂ ಆಗ್ಲಿ. ಸಹಿ ಹಾಕಿಬಿಡು. ಊರಿನವರೆಲ್ಲ ನಿನ್ನ ಕೇಳಿ ಮಕ್ಕಳು ಹೆತ್ತರಾ?"

"ನನ್ನ ಕೇಳಿ ಸ್ನಾನ ಮಾಡ್ತಾರಲ್ಲೇ," ಅಂದರು ಅಕ್ಕ.

ತಂಗಿಗೆ ನಗು ಬರಲಿಲ್ಲ. ನನ್ನ ಕಡೆ ನೋಡಿದರು. ನಾನು ಏನು ಹೇಳಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. "ಹಾಕಿಬಿಡಕ್ಕ," ಅಂದೆ. "ನೀನು ಹಾಕದಿದ್ರೆ ಅವರು ನಿಲ್ಲಿಸ್ತಾರಾ? ಬೇರೆ ಯಾರಿಂದಲೋ ಹಾಕಿಸ್ತಾರೆ. ನಿನ್ನ ಹೊಟ್ಟೆ ಮೇಲೆ ನೀನೇ ಯಾಕೆ ಹೊಡ್ಕೋತೀಯಾ?"

ಅಕ್ಕ ಪಕ್ಕದ ರಾಶಿಯಿಂದ ಒಂದು ಅಂಗಿ ಎಳೆದು ಮಡಿಸಿದರು. "ನನಗೂ ಆಸೆ ಇದೆ ತಮ್ಮ," ಅಂದರು. "ಸ್ವಾಗತದ ಮೇಜು, ತಲೆ ಮೇಲೆ ಸುಣ್ಣ ಬೀಳದ ಜಾಗ. ನನಗೇನು ಆಸೆ ಇಲ್ಲ ಅಂದ್ಕೊಂಡಿದೀಯಾ? ಮತ್ತೆ ಆ ವೆಬ್‌ಸೈಟಿನ ಮೇಲೆ ನನಗೆ ದ್ವೇಷವೂ ಇಲ್ಲ. ನೆಟ್ಟಗೆ ಮಾಡಿದ್ರೆ ದರ್ಜಿ ಮನೆಯಲ್ಲೇ ಕೂತು ಟ್ಯಾಂಕರ್ ಕೇಳಬಹುದು. ಫೋನು ಅವನಿಗೆ ಯಾವತ್ತೂ ಕೆಲಸಕ್ಕೆ ಬಂದಿಲ್ಲ, ಅದು ನನಗೆ ಗೊತ್ತಿಲ್ವಾ?"

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು, "ನೀವು ಅಷ್ಟು ದೂರ ಹೋಗಿ ಕೊಟ್ಟು ಬಂದ ಬುದ್ಧಿ ಇದೇನಾ?" ಅಂದಳು. ಊಟ ಬಡಿಸಿ ಎದ್ದು ಹೋದಳು.

ಎರಡನೇ ದಿನ ದರ್ಜಿ ಕಿಟಕಿಗೆ ಬಂದು ತಟ್ಟಿದ. ನಾನು ಅಲ್ಲೇ ಟೀ ಕುಡಿಯುತ್ತಿದ್ದೆ. ಅಕ್ಕನ ಅಂಗೈಯಲ್ಲಿ ಬರೆದ. ಅಕ್ಕ ಹುಬ್ಬು ಗಂಟಿಕ್ಕಿದರು. "ಪೈಪು ಯಾವಾಗ ಹಾಕ್ತೀರಿ ಅಂತ ಕೇಳ್ತಿದಾನೆ. ಯಾವ ಪೈಪು ತಮ್ಮ?"

ನನಗೂ ಗೊತ್ತಿರಲಿಲ್ಲ. ದರ್ಜಿ ಜೇಬಿನಿಂದ ಒಂದು ಮಡಿಸಿದ ಕಾಗದ ತೆಗೆದು, ಹೆಮ್ಮೆಯಿಂದ ನನ್ನ ಕೈಗಿಟ್ಟ. ಓದಿದೆ. "ನನಗೆ ಕಿವಿ ಕೇಳಿಸುವುದಿಲ್ಲ. ಆದಾಗ್ಯೂ ಸದರಿ ವೆಬ್‌ಸೈಟನ್ನು ನಾನು ಸ್ವತಃ ಬಳಸಿದ್ದು, ಅತ್ಯಂತ ಸುಲಭವಾಗಿದೆ." ಕೆಳಗೆ ಅವನ ಸಹಿ. ಅವನಿಗೆಂದು ಕೊಟ್ಟುಹೋದ ನಕಲು ಅದು. ಇಂಥ ಕಚೇರಿ ಭಾಷೆ ಅವನಿಗೆ ಕಬ್ಬಿಣದ ಕಡಲೆ. ನಮ್ಮ ಕಚೇರಿಯಿಂದ ಅಂಗಡಿಗೆ ಬಂದ ಇಬ್ಬರು ನಲ್ಲಿಯ ಚಿತ್ರ ತೋರಿಸಿ, ಪೈಪಿನ ಹಾಗೆ ಕೈ ಮಾಡಿ, ಇಲ್ಲಿ ಸಹಿ ಹಾಕು ಅಂದಿದ್ದರಂತೆ. ಗಲ್ಲಿಗೆ ಹೊಸ ಪೈಪು ಬರುತ್ತದೆ ಅಂತ ಅವನು ಬಂದವರಿಬ್ಬರ ಪ್ಯಾಂಟುಗಳ ಅಂಚನ್ನೂ ಪುಕ್ಕಟೆ ಮಡಿಸಿ ಹೊಲಿದುಕೊಟ್ಟಿದ್ದ.

ವಯಸ್ಸಾದವರ ಸಹಿಯೂ ಆಗಿತ್ತು. ಸಾಹೇಬರ ಸ್ವಂತ ತಾಯಿಯದು. ಅವರ ಮನೆಗೆ ದಿನವಿಡೀ ನೀರು, ಆಕೆ ಒಂದು ದಿನವೂ ದೂರು ಕೊಟ್ಟವರಲ್ಲ.

ಅಕ್ಕ ಕಿಟಕಿಯಿಂದ ಕೈ ಚಾಚಿ ದರ್ಜಿಯ ಅಂಗೈ ಹಿಡಿದರು. ನಿಧಾನವಾಗಿ ಬರೆದರು. ಉದ್ದ ಬರೆಯಬೇಕಾಗಿತ್ತು. ದರ್ಜಿಯ ಮುಖ ನಾನು ನೋಡುತ್ತಿದ್ದೆ. ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಅವನು ಕೈ ಎಳೆದುಕೊಂಡು ಆ ಕಾಗದವನ್ನೇ ದಿಟ್ಟಿಸಿದ. ಪಾಪ, ಅವನಿಗೆ ಸಿಟ್ಟಿಗಿಂತ ನಾಚಿಕೆಯಾಗಿತ್ತು. ಮೋಸ ಮಾಡಿದವರು ಮೂರನೇ ಮಹಡಿಯಲ್ಲಿ ಆರಾಮಾಗಿದ್ದರು, ಮೋಸ ಹೋದವನು ಬೀದಿಯಲ್ಲಿ ನಾಚಿಕೊಂಡು ನಿಂತಿದ್ದ. ಅಕ್ಕ ಅವನು ಹೋದ ಮೇಲೂ ಕೈಯನ್ನು ಕಿಟಕಿಯಲ್ಲೇ ಇಟ್ಟುಕೊಂಡಿದ್ದರು.

ಮೂರನೇ ದಿನ ಬೆಳಿಗ್ಗೆ ಸಾಹೇಬರು ಪ್ರಮಾಣಪತ್ರ ಹಿಡಿದು ಬಂದರು. ಈ ಸಲ ಬಗ್ಗಿಯೇ ಒಳಗೆ ಬಂದರು. ಹಿಂದೆ ಗುಮಾಸ್ತರು, ಕಂಪ್ಯೂಟರು ಹಿಡಿದ ಮೇಡಂ. ಗೂಡಿನಲ್ಲಿ ಜಾಗವಿಲ್ಲದೆ ನಾನು ಮೂಲೆಗೆ ಸರಿದು, ಫೋನಿನ ವಯರಿನ ಪಕ್ಕ ನಿಂತೆ.

"ಹಾಕ್ತೀನಿ ಸರ್," ಅಂದರು ಅಕ್ಕ. "ಒಂದೇ ಮಾತು. ಏನು ಬರೆದಿದೆ ಅಂತ ಓದದೆ ಸಹಿ ಹಾಕಿದ್ರೆ ತಪ್ಪಾಗುತ್ತೆ. ಈ ಪತ್ರನ ನಿಮ್ಮ ವೆಬ್‌ಸೈಟಿಗೆ ಹಾಕಿ. ನಾನೇ ಓದ್ತೀನಿ. ಓದಕ್ಕಾದ್ರೆ ಆ ಕ್ಷಣವೇ ಸಹಿ."

"ಇಷ್ಟೇನಾ?" ಅಂದರು ಸಾಹೇಬರು. ಖುಷಿಯಾದರು. "ಮೇಡಂ, ಹಾಕಿ."

"ಸರ್, ಪೂರ್ತಿ ಟೈಪ್ ಮಾಡಬೇಕು, ಅರ್ಧ ಗಂಟೆ ಕೊಟ್ರೆ—"

"ಅರ್ಧ ಗಂಟೆ ಎಲ್ಲಿದೆ? ಒಂದು ಫೋಟೋ ತೆಗೆದು ಹಾಕಿ. ಗುಮಾಸ್ತರೇ, ಏನು ಬೇಕೋ ಬರೀರಿ."

ಮೇಡಂ ಸಾಹೇಬರ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಹೇಳಿದ ಹಾಗೇ ಫೋಟೋ ತೆಗೆದು ಹಾಕಿದರು. ಗುಮಾಸ್ತರು ನಿಂತಲ್ಲೇ ಬರೆದುಕೊಟ್ಟರು. ಅಕ್ಕ ಹದಿನಾಲ್ಕು ಅಮೃತಹಸ್ತಗಳನ್ನು ದಾಟಿ ಅಲ್ಲಿಗೆ ಹೋದರು. ಸಾಹೇಬರು ಅಷ್ಟನ್ನೂ ಮೊದಲ ಸಲ ಕೇಳಿದರು. ಮೂರನೆಯದರ ತನಕ ಮುಖ ಅರಳಿತ್ತು, ಎಂಟನೆಯದಕ್ಕೆ ಗಡಿಯಾರ ನೋಡಿಕೊಂಡರು.

ಕೊನೆಗೆ ಕಂಪ್ಯೂಟರು ಹೇಳಿತು: "ಚಿತ್ರ. ಮುತ್ತಿನಂಥ ಅಕ್ಷರಗಳಿಂದ ಶೋಭಿಸುತ್ತಿರುವ ಪ್ರಮಾಣಪತ್ರದ ಭವ್ಯ ನೋಟ."

ಅಕ್ಕ ಕಾದರು. ಕಂಪ್ಯೂಟರು ಮುಂದಕ್ಕೆ ಮಾತಾಡಲಿಲ್ಲ.

"ಪತ್ರ ಇದೆ ಅಂತ ಹೇಳ್ತು ಸರ್. ಅದರಲ್ಲಿ ಏನಿದೆ ಅಂತ ಹೇಳ್ಲಿಲ್ಲ," ಅಂದರು ಅಕ್ಕ. "ವೆಬ್‌ಸೈಟನ್ನ ಎಲ್ಲರೂ ಓದಬಹುದು ಅಂತಿರೋ ಪತ್ರ ಇದು. ಇದನ್ನೇ ಓದಕ್ಕಾಗ್ತಿಲ್ಲ."

"ನಾನೇ ಓದಿ ಹೇಳ್ತೀನಿ ಬಿಡಿ."

"ನಿಮ್ಮ ಮೇಲೆ ಅನುಮಾನ ಇಲ್ಲ ಸರ್. ಆದ್ರೆ ಇನ್ನು ಮುಂದೆ ಟ್ಯಾಂಕರ್ ಬೇಕಾದವರ ಮನೆ ಮನೆಗೂ ಹೋಗಿ ನೀವು ಓದಿ ಹೇಳ್ತೀರಾ?"

ಗುಮಾಸ್ತರು ತಲೆ ಕೆರೆದುಕೊಂಡರು. "ಒಳಗೆ ಇರೋದನ್ನೇ ಬರೀಬೇಕಿತ್ತಾ?" ಅಂತ ಮೇಡಂ ಕಿವಿಯಲ್ಲಿ ಕೇಳಿದರು. ಅಷ್ಟು ದಿನದಲ್ಲಿ ಅವರು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

ಸಾಹೇಬರ ಪ್ರೀತಿ ಮುಗಿಯಿತು. "ಅಂದ್ರೆ ಸಹಿ ಹಾಕಲ್ಲ."

"ಇದಕ್ಕೆ ಹಾಕಲ್ಲ ಸರ್. ದರ್ಜಿಗೆ ಪೈಪು ಅಂತ ಹೇಳಿ ಹಾಕಿಸ್ಕೊಂಡಿದೀರಲ್ಲ, ಅದು ಗೊತ್ತಾದ ಮೇಲಂತೂ ಹಾಕಲ್ಲ. ಹದಿನೇಳು ತಪ್ಪಿದೆ. ಒಂದು ವಾರ ಕೊಡಿ, ಮೇಡಂ ಸರಿ ಮಾಡ್ತಾರೆ. ನಾನೇ ಪಕ್ಕದಲ್ಲಿ ಕೂತು ಪರೀಕ್ಷೆ ಮಾಡಿಕೊಡ್ತೀನಿ. ಆಮೇಲೆ ಖುಷಿಯಾಗಿ ಹಾಕ್ತೀನಿ. ಫೋನು ತೆಗೀರಿ, ನನ್ನನ್ನೂ ತೆಗೀರಿ, ಬೇಜಾರಿಲ್ಲ."

ಬಾಯಲ್ಲಿ ಬೇಜಾರಿಲ್ಲ ಅಂದರು. ಬೇಜಾರಿತ್ತು. ತಂಗಿಯ ಮಂಜು ಕಣ್ಣು ಅವರಿಗೆ ನೆನಪಾಗದೆ ಇರುತ್ತದೆಯೇ?

"ಒಂದನೇ ತಾರೀಖಿನಿಂದ ಬರಬೇಡಿ," ಅಂದರು ಸಾಹೇಬರು. ಎದ್ದರು. "ಕಣ್ಣು ಕಾಣದವರು ಊರಿನಲ್ಲಿ ನೀವೊಬ್ರೇ ಅಂದ್ಕೊಂಡ್ರಾ? ಸಂಜೆಯೊಳಗೆ ಇನ್ನೊಬ್ಬರ ಸಹಿ ತರ್ತೀನಿ."

"ಇದೀವಿ ಸರ್, ಬೇಕಾದಷ್ಟು ಜನ ಇದೀವಿ," ಅಂದರು ಅಕ್ಕ. "ನಮ್ಮ ಸಂಘದಲ್ಲೇ ನೂರ ಹನ್ನೆರಡು. ಎಲ್ಲರ ನಂಬರೂ ನನ್ನ ತಲೆಯಲ್ಲಿದೆ."

ಫೋನೆತ್ತಿದರು. ಬೆರಳು ಗುಂಡಿಗಳ ಮೇಲೆ ಓಡಿತು. "ಹಲೋ, ನಾನು, ನೀರಿನ ಕಚೇರಿಯಿಂದ. ಇಲ್ಲ, ನೀರಿನ ವಿಷಯ ಅಲ್ಲ. ನಿನ್ನ ಹತ್ರ ಒಂದು ಪತ್ರಕ್ಕೆ ಸಹಿ ಕೇಳ್ಕೊಂಡು ಬರ್ತಾರೆ. ಅದನ್ನ ಅವರ ವೆಬ್‌ಸೈಟಲ್ಲಿ ನೀನೇ ಓದ್ತೀನಿ ಅನ್ನು. ಓದಕ್ಕಾದ್ರೆ ಹಾಕು. ಆಗದಿದ್ರೆ ನೀನೂ ನಾಲ್ಕು ಜನಕ್ಕೆ ಫೋನ್ ಮಾಡು. ಆಯ್ತಾ? ಇಡ್ತೀನಿ."

ಇಟ್ಟರು, ಮತ್ತೆ ಎತ್ತಿದರು. ಮೇಡಂ ನೆಲದ ಮೇಲೆ ಕೂತು, ಹದಿನೇಳರ ಪಟ್ಟಿಯ ಇನ್ನೊಂದು ಪ್ರತಿ ಬರೆಯತೊಡಗಿದ್ದರು. ಯಾರಿಗೆ ಮೇಡಂ ಅಂತ ಗುಮಾಸ್ತರು ಕೇಳಿದರು. ಮೇಲಿನ ಕಚೇರಿಗೆ, ಅಂದರು ಮೇಡಂ, ತಲೆಯೆತ್ತದೆ.

ಸಾಹೇಬರಿಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಕೊನೆಗೆ ನಾನು ಕಣ್ಣಿಗೆ ಬಿದ್ದೆ.

"ಏ, ಆ ವಯರು ಕೀಳು."

ವಯರು ನನ್ನ ಕಾಲ ಬಳಿಯೇ ಇತ್ತು. ನನ್ನದೂ ಹನ್ನೊಂದು ತಿಂಗಳ ಕೆಲಸವೇ. ಮೂರು ದಿನದ ಹಿಂದೆ ಹಾಕಿಬಿಡಕ್ಕ ಅಂದವನು ನಾನೇ ಅಲ್ಲವೇ, ಬಗ್ಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅಕ್ಕ ರಿಸೀವರು ಕಿವಿಗಿಟ್ಟುಕೊಂಡೇ, ಒಂದು ಕ್ಷಣ ಬೆರಳು ನಿಲ್ಲಿಸಿದರು.

"ನಾನು ನೀರಿನವನು ಸರ್," ಅಂದೆ. "ವಯರಿನ ಕೆಲಸಕ್ಕೆ ವೆಬ್‌ಸೈಟಲ್ಲಿ ಅರ್ಜಿ ಹಾಕಬೇಕಂತೆ. ಐದು ನಿಮಿಷ ಕೊಡ್ತಾರೆ, ಬೇಗ ತುಂಬಿ."

ಅಕ್ಕ ಮುಂದಿನ ನಂಬರು ಒತ್ತಿದರು.